ಫೋನ್ ನಿಮ್ಮದು, ಬೀಗದ ಕೈ ಅವರದು

ಅಮೆರಿಕದಲ್ಲಿ ಫೋನ್ ಅಗ್ಗ ಅನ್ನುವ ಮಾತು ನಮ್ಮ ಶಿವಮೊಗ್ಗದ ಕಡೆ ಈಗಲೂ ಇದೆ. ನಾನು ಊರಿಗೆ ಹೊರಟೆ ಅಂತ ಗೊತ್ತಾದರೆ ಸಾಕು, ಭಾವನ ಮೆಸೇಜ್ ಬರುತ್ತದೆ: "ಬರ್ತಾ ಒಂದು ಐಫೋನ್ ತಂದುಬಿಡು ಮಾರಾಯ, ಅಲ್ಲಿ ಪುಕ್ಕಟೆ ಕೊಡ್ತಾರಂತೆ!"

ಪುಕ್ಕಟೆ ಕೊಡುವುದು ನಿಜ, ಜಾಹೀರಾತಿನಲ್ಲಿ. ಲೆಕ್ಕ ಹೀಗಿರುತ್ತದೆ. ಫೋನಿನ ಬೆಲೆ 800 ಡಾಲರ್ ಅಂದುಕೊಳ್ಳಿ. ಸಿಮ್ ಕೊಡುವ ಮೊಬೈಲ್ ಕಂಪನಿ ಅದನ್ನು 36 ತಿಂಗಳ ಕಂತು ಮಾಡುತ್ತದೆ, ತಿಂಗಳಿಗೆ ಸುಮಾರು 22 ಡಾಲರ್. ಅಷ್ಟೇ ಮೊತ್ತವನ್ನು ಪ್ರತಿ ತಿಂಗಳ ಬಿಲ್ಲಿನಲ್ಲಿ ರಿಯಾಯಿತಿ ಅಂತ ಕಳೆಯುತ್ತದೆ. ಒಂದು ವರ್ಷಕ್ಕೆ ಬೇಸರವಾಗಿ ಬೇರೆ ಕಂಪನಿಗೆ ಹೋಗುತ್ತೇನೆ ಅಂದರೆ ಆ ರಿಯಾಯಿತಿ ಅಲ್ಲಿಗೇ ನಿಲ್ಲುತ್ತದೆ. ಉಳಿದ 533 ಡಾಲರ್ ನಿಮ್ಮ ತಲೆಗೆ ಬರುತ್ತದೆ. ಜೊತೆಗೆ ಈ ಆಫರ್ ಬೇಕಾದರೆ ಸಾಮಾನ್ಯವಾಗಿ ದುಬಾರಿ ಪ್ಲಾನನ್ನೇ ಹಿಡಿಯಬೇಕು. ಸಾಲ ತೀರುವವರೆಗೆ ಫೋನ್ ಲಾಕ್ ಆಗಿರುವುದೂ ಉಂಟು. ಅದರಲ್ಲಿ ಬೇರೆ ಕಂಪನಿಯ ಸಿಮ್ ಹಾಕಿದರೆ ಕೆಲಸ ಮಾಡುವುದಿಲ್ಲ.

ನಾವು ಬೆಳೆದದ್ದು ಬೇರೆ ಥರ. ಫೋನ್ ಒಂದು ಅಂಗಡಿಯಲ್ಲಿ, ಸಿಮ್ ಇನ್ನೊಂದು ಅಂಗಡಿಯಲ್ಲಿ, ಕರೆನ್ಸಿ ಹಾಕಿಸುವುದು ಮೂಲೆಯ ಬೀಡಾ ಅಂಗಡಿಯಲ್ಲಿ. ಲಾಕ್ ಅನ್ನುವುದು ನಮ್ಮಲ್ಲಿ ಇರಲೇ ಇಲ್ಲ ಅಂತಲ್ಲ. 2003ರಲ್ಲಿ ರಿಲಯನ್ಸ್ 501 ರೂಪಾಯಿಗೆ ಕೈಗಿಟ್ಟ ಸಿಡಿಎಂಎ ತಂತ್ರಜ್ಞಾನದ ಫೋನ್ ಅವರ ಜಾಲಕ್ಕೇ ಮೀಸಲಾಗಿತ್ತು. 2017ರ ಜಿಯೋಫೋನ್ ಕೂಡ ಹಾಗೆಯೇ, ಜಿಯೋ ಸಿಮ್‌ಗೆ ಮಾತ್ರ. ಆದರೆ ಇವು ಅಪರೂಪ. ಮಿಕ್ಕವರೆಲ್ಲ ಎರಡು ಸಿಮ್ ಹಾಕುವ ಫೋನ್ ಹಿಡಿದು ತಮಗೆ ಬೇಕಾದ ಹಾಗೆ ಬದುಕಿದರು. ಮಲೆನಾಡಿನಲ್ಲಿ ಇದು ಶೋಕಿಯಲ್ಲ. ತೋಟದ ಹತ್ತಿರ ಬಿಎಸ್ಸೆನ್ನೆಲ್ ಮಾತ್ರ ಸಿಗುತ್ತದೆ, ಪೇಟೆಗೆ ಬಂದರೆ ಇನ್ನೊಂದು ಕಂಪನಿಯ ಡೇಟಾ ಚುರುಕು. 2016ರಲ್ಲಿ ಜಿಯೋ ಬಂದಾಗ ಎಷ್ಟೋ ಜನ ಹಳೆಯ ಸಿಮ್ ಬಿಡಲೇ ಇಲ್ಲ, ಪಕ್ಕದ ಸ್ಲಾಟ್‌ಗೆ ಜಿಯೋ ತೂರಿಸಿದರು. ಆ ಖಾಲಿ ಸ್ಲಾಟ್ ಇಲ್ಲದಿದ್ದರೆ ಅದು ಅಷ್ಟು ಬೇಗ ಹಬ್ಬುತ್ತಿರಲಿಲ್ಲ ಅನ್ನುವುದು ನನ್ನ ಅನಿಸಿಕೆ.

ಇಲ್ಲಿ ಅಮೆರಿಕದಲ್ಲಿ ಲಾಕ್ ತೆಗೆಯುವುದೇ ಒಂದು ಕಾಲಕ್ಕೆ ಕಾನೂನಿನ ವಿಷಯವಾಗಿತ್ತು. ತಂತ್ರಾಂಶದ ಬೀಗ ಮುರಿಯಬಾರದು ಅನ್ನುವ 1998ರ ಕಾಪಿರೈಟ್ ಕಾಯ್ದೆ ಇದಕ್ಕೆ ಕಾರಣ. 2013ರ ಜನವರಿಯ ನಂತರ ಕೊಂಡ ಫೋನನ್ನು ಕಂಪನಿಯ ಒಪ್ಪಿಗೆ ಇಲ್ಲದೆ ಅನ್‌ಲಾಕ್ ಮಾಡುವುದು ತಪ್ಪಾಯಿತು. ಸಿಮ್ ಬದಲಿಸುವುದಕ್ಕೂ ಕಾಪಿರೈಟ್‌ಗೂ ಎಲ್ಲಿಯ ಸಂಬಂಧ, ಅಲ್ವಾ? 1 ಲಕ್ಷಕ್ಕೂ ಜಾಸ್ತಿ ಜನ ಶ್ವೇತಭವನಕ್ಕೆ ಮನವಿ ಸಲ್ಲಿಸಿದ ಮೇಲೆ, 2014ರ ಆಗಸ್ಟ್‌ನಲ್ಲಿ ಒಬಾಮ ಸಹಿ ಹಾಕಿ ಅದನ್ನು ಸರಿಮಾಡಿದರು. ಕಂಪನಿಗಳ ಷರತ್ತುಗಳು ಮಾತ್ರ ಹಾಗೇ ಉಳಿದವು. ಪಕ್ಕದ ಕೆನಡಾ 2017ರ ಡಿಸೆಂಬರ್‌ನಿಂದ ಹೊಸ ಫೋನೆಲ್ಲ ಅನ್‌ಲಾಕ್ ಆಗಿಯೇ ಇರಬೇಕು ಎಂದಿತು. ಬ್ರಿಟನ್ ಮತ್ತು ಜಪಾನ್ 2021ರಲ್ಲಿ ಅದೇ ದಾರಿ ಹಿಡಿದವು.

ಸಾಲ ಕೊಡಬೇಡಿ ಅಂತ ನಾನು ಹೇಳುವುದಿಲ್ಲ. ಒಂದೇ ಸಲಕ್ಕೆ 800 ಡಾಲರ್ ಎಲ್ಲರ ಕೈಯಲ್ಲೂ ಇರುವುದಿಲ್ಲ. ಆದರೆ ಊರಿನಲ್ಲಿ ಇಎಂಐ ಮೇಲೆ ಫೋನ್ ಕೊಂಡವರು ಯಾವ ಸಿಮ್ ಹಾಕಿದರೂ ಸಾಲ ಕೊಟ್ಟವರು ತಲೆ ಕೆಡಿಸಿಕೊಳ್ಳುವುದಿಲ್ಲ. ಕಂತು ಬಂದರಾಯಿತು. ಸಾಲಕ್ಕೂ ಸಿಗ್ನಲ್‌ಗೂ ಗಂಟು ಹಾಕುವುದು ಮಾತ್ರ ನನಗೆ ಒಪ್ಪಿಗೆಯಾಗದ ವಿಷಯ.

ಅನ್‌ಲಾಕ್ ಆದ ಫೋನ್ ಇದ್ದರೆ ಇಲ್ಲೂ ಸುಖವಾಗಿರಬಹುದು. ದೊಡ್ಡ ಕಂಪನಿಗಳ ಟವರನ್ನೇ ಬಳಸಿ ತಿಂಗಳಿಗೆ 15ರಿಂದ 25 ಡಾಲರಿಗೆ ಪ್ರೀಪೇಯ್ಡ್ ಕೊಡುವ ಸಣ್ಣ ಕಂಪನಿಗಳು ಬೇಕಾದಷ್ಟಿವೆ. ಆದರೆ ಲಾಕ್ ಇಲ್ಲ ಅಂದ ಮಾತ್ರಕ್ಕೆ ಎಲ್ಲ ಜಾಲದಲ್ಲೂ ನಡೆಯುತ್ತದೆ ಅಂತ ನಂಬಬೇಡಿ. ಊರಿನಿಂದ ಆರು ತಿಂಗಳಿಗೆ ಬರುವ ಅಪ್ಪ ಅಮ್ಮಂದಿರ ಫೋನ್ ಸಿಕ್ಕಿಬೀಳುವುದು ಇಲ್ಲೇ. 2022ರಲ್ಲಿ ಇಲ್ಲಿನ ದೊಡ್ಡ ಕಂಪನಿಗಳು 3ಜಿ ಮುಚ್ಚಿದವು. ಈಗ ಮಾತು ಹೋಗುವುದು ಹೆಚ್ಚಾಗಿ 4ಜಿ ಮೇಲೆಯೇ, ವೋಲ್ಟಿ ಮೂಲಕ. ಜಿಯೋದಲ್ಲಿ ವೋಲ್ಟಿ ಚೆನ್ನಾಗಿ ನಡೆಯುವ ಫೋನಿಗೂ ಇಲ್ಲಿನ ಕಂಪನಿ ಒಪ್ಪಿಗೆ ಕೊಟ್ಟಿರಬೇಕೆಂದಿಲ್ಲ. ಆಗ ವಾಟ್ಸಾಪ್ ಬರುತ್ತದೆ, ಮಾಮೂಲಿ ಕರೆ ಹೋಗುವುದಿಲ್ಲ. ತರಂಗಾಂತರವೂ ಬೇರೆ. ಇಲ್ಲಿನ ಟಿ-ಮೊಬೈಲ್ ಕಂಪನಿ ದೂರದ ಹಳ್ಳಿಗಳಿಗೆ ಬಳಸುವ 600 ಮೆಗಾಹರ್ಟ್ಸ್ ಬ್ಯಾಂಡ್ 71 ಭಾರತದಲ್ಲಿ ಮಾರುವ ಎಷ್ಟೋ ಫೋನ್‌ಗಳಲ್ಲಿ ಇರುವುದೇ ಇಲ್ಲ. ಹೊರಡುವ ಮುಂಚೆ *#06# ಒತ್ತಿ ಐಎಂಇಐ, ಅಂದರೆ ಫೋನಿನ ಗುರುತಿನ ನಂಬರ್, ತೆಗೆದುಕೊಂಡು, ಇಲ್ಲಿನ ಕಂಪನಿಯ ತಾಣದಲ್ಲಿ ಒಮ್ಮೆ ಹಾಕಿ ನೋಡಿ. ಸುಮ್ನೆ ಇಲ್ಲಿಗೆ ಬಂದು ಒದ್ದಾಡುವುದು ತಪ್ಪುತ್ತದೆ.

ನಮ್ಮಂಥವರಿಗೆ ಅನ್‌ಲಾಕ್ ಬೇಕಾಗುವುದಕ್ಕೆ ಇನ್ನೂ ದೊಡ್ಡ ಕಾರಣ ಬ್ಯಾಂಕ್ ಓಟಿಪಿ. ಊರಿನ ನಂಬರ್ ಎರಡನೇ ಸಿಮ್‌ನಲ್ಲಿ ಜೀವಂತ ಇದ್ದರೆ ಮಾತ್ರ ಊರಿನ ಖಾತೆಯ ಕೆಲಸ ಸಲೀಸು. ಲಾಕ್ ಆದ ಫೋನ್ ಎರಡು ಸಿಮ್‌ನದ್ದಾಗಿದ್ದರೂ ಏರ್‌ಟೆಲ್, ಜಿಯೋ ಯಾವುದನ್ನೂ ಒಳಗೆ ಬಿಟ್ಟುಕೊಳ್ಳುವುದಿಲ್ಲ.

ಭಾವನಿಗೆ ನಾನು ಹೇಳಿದ್ದು ಇಷ್ಟೆ: ತರುವುದಾದರೆ ಪೂರ್ತಿ ದುಡ್ಡು ಕೊಟ್ಟು ಅನ್‌ಲಾಕ್ಡ್ ಫೋನೇ ತರುತ್ತೇನೆ, ನ್ಯೂಜೆರ್ಸಿಯ ತೆರಿಗೆ 6.625 ಪರ್ಸೆಂಟ್ ಬೇರೆ. ಅದಕ್ಕಿಂತ ಮುಖ್ಯವಾದದ್ದು, 2022ರ ಐಫೋನ್ 14ರಿಂದ ಇಲ್ಲಿ ಮಾರುವ ಹೊಸ ಐಫೋನ್‌ಗಳಿಗೆ ಸಿಮ್ ಟ್ರೇ ಇಲ್ಲ, ಫೋನಿನೊಳಗೇ ಇರುವ, ಕೀಳಲಾಗದ ಇ-ಸಿಮ್ ಮಾತ್ರ. ತೋಟದಲ್ಲಿ ಫೋನ್ ಕೆಟ್ಟರೆ ಚಿಪ್ ಕಿತ್ತು ಆಳಿನ ಫೋನಿಗೆ ಹಾಕಿ ಮಾತಾಡುವ ಅಭ್ಯಾಸ ಭಾವನದು. ಇದರಲ್ಲಿ ಅದು ಆಗುವುದಿಲ್ಲ. "ಹಂಗಾದ್ರೆ ಬೇಡ ಬಿಡು, ಇಲ್ಲೇ ತಗೋತೀನಿ" ಅಂದರು.