ಹಿತ್ತಲ ಕಾಫಿ ಗಿಡ

ನಮ್ಮ ಹಿತ್ತಲ ಬಾವಿಯ ಪಕ್ಕ ಒಂದು ಅರೇಬಿಕಾ ಗಿಡವಿತ್ತು. ತೋಟದ ಲೆಕ್ಕಕ್ಕೆ ಸೇರದ್ದು. ಪಾತ್ರೆ ತೊಳೆದ ನೀರು ಅದರ ಬುಡಕ್ಕೆ, ಬಟ್ಟೆ ಹಗ್ಗದ ಒಂದು ತುದಿ ಅದರ ಕೊರಳಿಗೆ. ಹೂಮಳೆ, ಅಂದರೆ ಕಾಫಿಯ ಹೂ ಅರಳಿಸುವ ಬೇಸಿಗೆ ಮಳೆ, ಬಿದ್ದು ಎಂಟು ಹತ್ತು ದಿನಕ್ಕೆ ಅದೂ ತೋಟದವುಗಳ ಜೊತೆ ಬೆಳ್ಳಗಾಗುತ್ತಿತ್ತು. ಆಮೇಲೆ ಒಂದು ವರ್ಷ ಎಲೆ ಹಳದಿ ತಿರುಗಿ ಜೋತುಬಿತ್ತು. ಕಾಂಡ ಸವರಿದರೆ ತೊಗಟೆಯಡಿ ಉಬ್ಬು ಗೆರೆಗಳು, ಮುದುಕರ ಕೈಯ ನರದ ಹಾಗೆ. ಬಿಳಿ ಕಾಂಡಕೊರಕ: ಹುಳುವಾಗಿ ಕಾಂಡ ಕೊರೆದು ಬೆಳೆಯುವ ದುಂಬಿ.

ತಪ್ಪು ನಮ್ಮದೇ. ಮನೆಗೆ ಬೆಳಕು ಬರಲಿ ಅಂತ ಮರಗಸಿಯ, ಅಂದರೆ ನೆರಳುಮರಗಳ ಕೊಂಬೆ ಸವರುವ, ಹೊತ್ತಲ್ಲಿ ಪಕ್ಕದ ಹಲಸನ್ನು ಅರ್ಧ ಬೋಳಿಸಿದ್ದೆವು. ಈ ದುಂಬಿಗೆ ಮೊಟ್ಟೆಯಿಡಲು ಬಿಸಿಲು ಬಿದ್ದ ಕಾಂಡವೇ ಬೇಕು. ಹಲಸು ಮತ್ತೆ ಚಿಗುರಿತು, ಕಾಫಿ ಹೋಯಿತು.

ಹೀಗಾದ ಗಿಡವನ್ನು ಕಿತ್ತು ಸುಡುವುದು ಪದ್ಧತಿ. ಇಲ್ಲದಿದ್ದರೆ ಒಳಗಿನ ಹುಳು ಏಪ್ರಿಲ್-ಮೇಯಲ್ಲೋ ಅಕ್ಟೋಬರ್ ನಂತರವೋ ದುಂಬಿಯಾಗಿ ಹಾರಿ ಬೇರೆ ಗಿಡ ಹಿಡಿಯುತ್ತದೆ. ನಾನೂ ಸುಡಲಿಕ್ಕೇ ಹೊರಟಿದ್ದೆ. ಒಲೆಗೆ ಹಿಡಿಸುವಷ್ಟು ತುಂಡು ಮಾಡೋಣ ಅಂತ ಗರಗಸ ಇಟ್ಟರೆ ಅದು ಮುಂದೆ ಹೋಗಲೊಲ್ಲದು. ಬೆವರು ಸುರಿಸಿ ಕೊಯ್ದ ಮೇಲೆ ನೋಡಿದೆ: ತೆಂಗಿನಕಾಯಿ ಹಾಲಿನ ಬಣ್ಣ, ಎಳೆಯೇ ಕಾಣದಷ್ಟು ನಯ. ಒಂದು ಬದಿಯಲ್ಲಿ ಮಾತ್ರ ಹುಳು ಕೊರೆದ ದಾರಿ. ಅದನ್ನೂ ಆ ಪುಣ್ಯಾತ್ಮ ಹಿಂದೆ ಹಿಂದೆಯೇ ಹುಡಿ ಗಿಡಿದು ಮುಚ್ಚಿಕೊಂಡು ಹೋಗಿತ್ತು.

"ಇಟ್ಕೊಳ್ಳುದಾದ್ರೆ ಹತ್ತು ದಿನ ನೀರಲ್ಲಿ ಮುಳುಗಿಸಿಡು. ಇಲ್ಲಾಂದ್ರೆ ಹುಳ ಸಾಕಿದ ಹಾಗಾಗ್ತದೆ," ಅಂದರು ದೊಡ್ಡಪ್ಪ. ದನದ ಬಾನಿ ಖಾಲಿ ಬಿದ್ದಿತ್ತು. ಮೇಲೆ ಕಲ್ಲು ಹೇರಿ ಮುಳುಗಿಸಿದೆ.

ಕೊಡಗಿನಲ್ಲಿ ಮರ ಅಂದರೆ ಬೀಟೆ, ತೇಗ, ಹಲಸು. ನಮ್ಮದೇ ಜಾಗದ ಬೀಟೆಯಾದರೂ ಮುಟ್ಟುವ ಮೊದಲು ಅರಣ್ಯ ಇಲಾಖೆಯ ಕಾಗದ ಬೇಕು. ಕಾಫಿಗೆ ಯಾರ ಅಪ್ಪಣೆಯೂ ಬೇಡ, ಅದು ಗಿಡ ತಾನೇ? ಬಿಟ್ಟರೆ ಎರಡಾಳು ಮೀರಿ ಬೆಳೆಯುವ ಜಾತಿ ಅದು. ಕೊಯ್ಯುವವರ ಕೈಗೆ ಎಟುಕಲಿ ಅಂತ ಎಳವೆಯಲ್ಲೇ ತಲೆ ಕತ್ತರಿಸಿ, ವರ್ಷ ವರ್ಷ ಕೊಂಬೆ ಸವರಿ ಗಿಡಗಸಿ ಮಾಡಿ, ಗಿಡ ಮಾಡಿಟ್ಟವರು ನಾವೇ. ಆದರೆ ಕಾಂಡದ ಒಳಗೆ ಅದು ಗುಟ್ಟಾಗಿ ಮರವಾಗುತ್ತಲೇ ಇದ್ದಿರಬೇಕು.

ಒಣಗಿಸುವುದರಲ್ಲಿ ಎಡವಿದೆ. ಮೊದಲ ತುಂಡನ್ನು ಬಿಸಿಲಿಗಿಟ್ಟೆ. ಎರಡನೇ ದಿನ ಮಧ್ಯಾಹ್ನ ಟಪ್ ಅಂತ ಸದ್ದು, ತಿರುಳಿನಿಂದ ತೊಗಟೆಯವರೆಗೆ ಬಿರುಕು. ಎರಡನೆಯದನ್ನು ಉದ್ದಕ್ಕೆ, ಸರಿಯಾಗಿ ತಿರುಳಿನ ಮೇಲೆಯೇ ಸೀಳಿ, ತುದಿಗಳಿಗೆ ಮೇಣದಬತ್ತಿ ಕರಗಿಸಿ ಹಚ್ಚಿದೆ. ಮರದ ನೀರು ತುದಿಯಿಂದಲೇ ಬೇಗ ಆರುವುದು, ಒಡೆಯಲು ಶುರುವಾಗುವುದೂ ಅಲ್ಲಿಂದಲೇ. ಅಡುಗೆಮನೆಯ ಒಲೆಯ ಮೇಲಿನ ಅಟ್ಟದಲ್ಲಿಟ್ಟು ಒಂದು ಮಳೆಗಾಲ ಕಳೆದೆ. ಜುಲೈನಲ್ಲಿ ಹಾಕಿಕೊಳ್ಳುವ ಅಂಗಿಯೇ ಒಣಗದ ಊರಿನಲ್ಲಿ ಇದಕ್ಕಿಂತ ಒಣ ಜಾಗ ಬೇರೆಲ್ಲಿ? ಬೊಡ್ಡೆಯ ಮೇಲೆ ಗಾಜು ಕೂರಿಸಿ ಟೀಪಾಯಿ ಮಾಡಿಸುವ ಆಸೆಯೂ ಇತ್ತು. ಸದ್ಯಕ್ಕೆ ಅದರ ಮೇಲೆ ಕೋಳಿ ಕೂರುತ್ತದೆ.

ಅಟ್ಟದಿಂದ ಇಳಿಸಿದ್ದನ್ನು ಹಿಡಿದು ಆಚಾರಿಯ ಹತ್ತಿರ ಹೋದೆ. "ಕಾಫಿ ಗಿಡದಲ್ಲಿ ಎಂತ ಮಾಡುದು, ಸೌದೆ ಅಲ್ವಾ?" ಅಂದವರು, ಎರಡು ಸಲ ಉಳಿ ಮಸೆದುಕೊಂಡ ಮೇಲೆ ಸುಮ್ಮನಾದರು. ಒಂದು ಹಿಡಿ ಆಯಿತು, ಗಿಡಗಸಿಯ ಕತ್ತಿಗೆ. ಹೊಗೆಗೆ ಹಳದಿಯಾದ ದಂತದ ಬಣ್ಣ, ಹೆಬ್ಬೆರಳು ಕೂರುವಲ್ಲಿ ಸರಿಯಾಗಿ ಒಂದು ಹಳೇ ಗಂಟು. ಯಾವ ವರ್ಷದ ಕಸಿಯಲ್ಲಿ ಯಾರು ಕಡಿದ ಕೊಂಬೆಯದೋ.

ಕತ್ತಿ ಕೂರಿಸಿದ್ದು ಮನೆಯಲ್ಲೇ. ಕತ್ತಿಯ ಬಾಲವನ್ನು ಕೆಂಪಗೆ ಕಾಯಿಸಿ ಹಿಡಿಯ ತೂತಿಗೆ ಒತ್ತಿದಾಗ ಚುಂಯ್ ಅಂತ ಹೊಗೆ ಎದ್ದಿತು. ಅಮ್ಮ ಒಳಗಿಂದ ಬಂದಳು. ದೊಡ್ಡಪ್ಪ ಪೇಪರ್ ಕೆಳಗಿಟ್ಟರು. ಮೂರೂ ಜನ ಮೂಗು ಮುಂದೆ ಮಾಡಿ ನಿಂತೆವು.

"ಬರೀ ಸೌದೆ ವಾಸನೆ," ಅಂದರು ದೊಡ್ಡಪ್ಪ. ಅಮ್ಮ ಕಾಫಿಗೆ ನೀರಿಡಲು ಒಳಗೆ ಹೋದಳು.