"ಅದು ಆಟೊಮ್ಯಾಟಿಕ್ ಆಗತ್ತೆ ಮೇಡಂ"

ರಾತ್ರಿ ಹನ್ನೊಂದೂವರೆಗೆ ಡೈನಿಂಗ್ ಟೇಬಲ್ ಮುಂದೆ ಒಬ್ಬಳೇ ಕೂತು ಚಪ್ಪಾಳೆ ತಟ್ಟಿದೆ. ಮನೆಯವರು ಎದ್ದು ಬಂದು, ನನ್ನ ಮುಖ ನೋಡಿ, ಏನೂ ಕೇಳದೆ ವಾಪಸ್ ಹೋಗಿ ಮಲಗಿದರು.

ನಾನು ಜಾಂಗೋ (ಪೈಥಾನ್ ಭಾಷೆಯಲ್ಲಿ ವೆಬ್‌ಸೈಟ್ ಕಟ್ಟೋಕೆ ಇರುವ ಸಿದ್ಧ ಚೌಕಟ್ಟು) ಕಲಿಯೋಕೆ ಸೇರಿದ್ದು ನಿಮಗೆಲ್ಲ ಗೊತ್ತೇ ಇದೆ. ನಕ್ಕವರ ಹೆಸರೂ ನೆನಪಿದೆ. ಜಯನಗರದಲ್ಲಿ ಶನಿವಾರ, ಭಾನುವಾರದ ಕ್ಲಾಸು. ಆರು ವಾರದಿಂದ ನನ್ನದು ಒಂದೇ ಪ್ರಶ್ನೆ: ಬ್ರೌಸರ್‌ನಲ್ಲಿ ವಿಳಾಸ ಹಾಕಿ ಎಂಟರ್ ಒತ್ತಿದ ಮೇಲೆ ಆ ರಿಕ್ವೆಸ್ಟ್ ಎಲ್ಲಿಗೆ ಹೋಗುತ್ತದೆ? ಹೇಳಿಕೊಡೋ ಹುಡುಗನ ಉತ್ತರವೂ ಒಂದೇ. "ಅದು ಆಟೊಮ್ಯಾಟಿಕ್ ಆಗತ್ತೆ ಮೇಡಂ, ನೀವು ಟೈಪ್ ಮಾಡಿ." ಜಾಸ್ತಿ ಕೇಳಿದರೆ ಆರ್ಡರ್ ತಗೊಂಡು ಅಡುಗೆಮನೆಗೆ ಹೋಗುವ ವೇಟರ್ ಕಥೆ. ಅಲ್ಲಪ್ಪಾ, ದರ್ಶಿನಿಯಲ್ಲಿ ಟೋಕನ್ ಹಿಡಿದು ನಾನೇ ಹೋಗಿ ಇಡ್ಲಿ ತರುವವಳು, ನನಗೆ ಯಾವ ವೇಟರು?

ಇವತ್ತು ಆದದ್ದು ಇದು. ಅಪಾರ್ಟ್‌ಮೆಂಟ್ ಲೈಬ್ರರಿಗೆ ಸೈಟ್ ಮಾಡುತ್ತಿದ್ದೆ. 'ಪುಸ್ತಕ/ಹೊಸದು' ಅಂತ ಹಾಕಿದರೆ ಹೊಸ ಪುಸ್ತಕ ಸೇರಿಸುವ ಫಾರಂ ಬರಬೇಕು. ಬಂದದ್ದು 404, ಅಂದರೆ 'ಸಿಗಲಿಲ್ಲ'. ಎರಡು ಗಂಟೆ ತಲೆ ಕೆಡಿಸಿಕೊಂಡೆ. ನೋಡಿದರೆ, ಯಾವ ವಿಳಾಸಕ್ಕೆ ಯಾವ ಕೋಡ್ ಅಂತ ಬರೆದಿಡುವ ಯುಆರ್‌ಎಲ್ ಪಟ್ಟಿಯಲ್ಲಿ 'ಪುಸ್ತಕ/ಯಾವುದಾದರೂ ಹೆಸರು' ಅನ್ನೋ ಸಾಲನ್ನು ಮೇಲೆ ಬರೆದಿದ್ದೆ. ಜಾಂಗೋ ಮೇಲಿಂದ ಕೆಳಗೆ ನೋಡುತ್ತಾ ಬಂದು, ಮೊದಲು ಹೊಂದಿದ ಸಾಲಿನಲ್ಲೇ ನಿಂತುಬಿಡುತ್ತದೆ. ಪಾಪ, 'ಹೊಸದು' ಅನ್ನೋ ಹೆಸರಿನ ಪುಸ್ತಕ ಹುಡುಕುತ್ತಿತ್ತು! ಎರಡು ಸಾಲು ಅದಲುಬದಲು ಮಾಡಿದೆ, ಫಾರಂ ಬಂತು. ಚಪ್ಪಾಳೆ ಅದಕ್ಕೇ.

ಆಮೇಲೆ ಛಲ ಬಂದು ಪೂರ್ತಿ ಓದಿದೆ. ರಿಕ್ವೆಸ್ಟ್ ಒಳಗೆ ಹೋಗುವಾಗ ದಾರಿಯಲ್ಲಿ ತಪಾಸಣೆ ಮಾಡುವ ಕೋಡುಗಳಾದ ಮಿಡಲ್‌ವೇರ್‌ಗಳನ್ನು ಮೇಲಿಂದ ಕೆಳಗೆ ದಾಟುತ್ತದೆ, ಉತ್ತರ ಹೊರಗೆ ಬರುವಾಗ ಕೆಳಗಿಂದ ಮೇಲೆ. ನಡುವೆ ಇರುವ ವ್ಯೂ ಬರೀ ಒಂದು ಪೈಥಾನ್ ಫಂಕ್ಷನ್ನು, ರಿಕ್ವೆಸ್ಟ್ ತಗೊಂಡು ರೆಸ್ಪಾನ್ಸ್ ಕೊಡುತ್ತದೆ, ರಿಟರ್ನ್ ಬರೆಯೋದು ಮರೆತರೆ ಜಾಂಗೋ ಬೈಯುತ್ತದೆ. ಇಷ್ಟನ್ನು ಹೇಳೋಕೆ ಹತ್ತು ನಿಮಿಷ ಸಾಕಿತ್ತು, ಅಲ್ವಾ? ಜಾಂಗೋ ಹುಟ್ಟಿದ್ದೇ ಅಮೆರಿಕದ ಒಂದು ಪತ್ರಿಕೆ ಕಚೇರಿಯಲ್ಲಿ, 2005ರಲ್ಲಿ ಹೊರಗೆ ಬಂತು. ಡೆಡ್‌ಲೈನ್ ತಲೆ ಮೇಲಿದ್ದವರೇ ಅಷ್ಟು ಅಚ್ಚುಕಟ್ಟಾಗಿ ಮಾಡಿಟ್ಟಿದ್ದಾರೆ. ಈ ಹೇಳಿಕೊಡೋ ಹುಡುಗನಿಗೆ ಏನು ಅವಸರವೋ.

ಅಕ್ಕನ ಮಗ ಹೇಳ್ತಾನೆ, "ಚಿಕ್ಕಮ್ಮ, ಈಗ ಕೋಡ್ ಎಐನೇ ಬರೆಯತ್ತೆ, ಒಳಗಿನದ್ದೆಲ್ಲ ನಿಮಗ್ಯಾಕೆ?" ಬರೆಯಲಿ ಬಿಡಪ್ಪ. ಕೆಟ್ಟಾಗ ಅದನ್ನು ಏನಂತ ಕೇಳಲಿ?

ಒಂದು ಹೇಳಿಬಿಡ್ತೀನಿ. ಹತ್ತೊಂಬತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವಳು ನಾನು. "ಮೈನಸ್ ಇಂಟು ಮೈನಸ್ ಯಾಕೆ ಪ್ಲಸ್ಸು, ಮಿಸ್?" ಅಂತ ಕೇಳಿದ ಹುಡುಗಿಗೆ "ಅದು ಹಾಗೇನೇ, ಬರ್ಕೋ" ಅಂದಿದ್ದೆ. ಅವಳು ಸುಮ್ನೆ ಬರ್ಕೊಂಡಳು.

ಆದರೂ ಶನಿವಾರ ಕೈ ಎತ್ತುತ್ತೇನೆ. ಫಾರಂನಲ್ಲಿ, ಅದು ನಮ್ಮ ಸೈಟಿನಿಂದಲೇ ಬಂದದ್ದು ಅಂತ ಗುರುತು ಹೇಳುವ ಸಿಎಸ್‌ಆರ್‌ಎಫ್ ಟೋಕನ್ ಇಲ್ಲದಿದ್ದರೆ 'ಅನುಮತಿ ಇಲ್ಲ' ಅನ್ನೋ 403 ಯಾಕೆ ಬರುತ್ತದೆ ಅಂತ ಕೇಳಬೇಕು. ಟೋಕನ್ ಇಲ್ಲದಿದ್ದರೆ ಇಡ್ಲಿ ಕೊಡಲ್ಲ ಮೇಡಂ ಅಂತ ಮಾತ್ರ ಹೇಳಬಾರದು.