ಹಳ್ಳವನ್ನು ಚರಂಡಿ ಅನ್ನಬೇಡಿ

ಇವತ್ತು ಬೆಳಿಗ್ಗೆ ಊರಿಗೆ ಬಂದವನು ಚಾ ಕುಡಿಯುವ ಮೊದಲೇ ಹಳ್ಳದ ಕಡೆ ನಡೆದೆ. ಪ್ರತಿಸಲ ಹಾಗೇ, ನಿಮಗೆಲ್ಲ ಗೊತ್ತು. ತೋಟ ದಾಟಿ ತಗ್ಗಿಗೆ ಇಳಿದರೆ ಅಲ್ಲಿ ಹಳ್ಳವೇ ಇಲ್ಲ. ಜೆಸಿಬಿ ಹಲ್ಲಿನ ಗೆರೆ ಮೂಡಿದ ಕೆಂಪು ಮಣ್ಣಿನ ನೇರ ಕಾಲುವೆ. ಸಂಕದ, ಅಂದರೆ ಕಿರುಸೇತುವೆಯ, ಕೆಳಬದಿಯ ಎರಡು ತಿರುವೂ ಮಾಯ. ಕೇದಿಗೆ ಹಿಂಡನ್ನು ಬುಡಸಮೇತ ಕಿತ್ತು ದರೆಗೆ ಒತ್ತಿದ್ದಾರೆ. ನಾವೆಲ್ಲ ಈಜು ಕಲಿತ ಗುಂಡಿಗೆ ಮಣ್ಣು ಬಿದ್ದಿದೆ. ಕೆಲಸ ಮಾಡಿಸುತ್ತಿದ್ದವರನ್ನು ಕೇಳಿದೆ, ಕಾಗದ ತೋರಿಸಿದರು. ಅದರಲ್ಲಿ ‘ಚರಂಡಿ ಹೂಳೆತ್ತುವುದು ಮತ್ತು ತಡೆಗೋಡೆ’ ಅಂತ ಇದೆ.

ಚರಂಡಿ! ಓದಿದ ಮೇಲೆ ಕೈ ನಡುಗಿತು.

ಈ ಹಳ್ಳ ಹುಟ್ಟುವುದು ಮೇಲಿನ ಕಾನಿನ ರಾಮಪತ್ರೆ ಜಡ್ಡಿಯಲ್ಲಿ, ಅಂದರೆ ದಟ್ಟ ಕಾಡಿನೊಳಗೆ ರಾಮಪತ್ರೆ ಮರಗಳು ಬೆಳೆಯುವ ಜೌಗಿನಲ್ಲಿ. ಕೆಸರಿನಿಂದ ಮಂಡಿ ಮಡಚಿದ ಹಾಗೆ ಮೇಲೆದ್ದು ಉಸಿರಾಡುವ ಬೇರುಗಳನ್ನು ನೋಡಿದ್ದೀರಲ್ಲ, ಅದೇ ಜಾಗ. ಸಿದ್ದಾಪುರದ ಕತ್ತಲೆಕಾನಿನ ಇಂಥದೇ ಜಡ್ಡಿಯಲ್ಲಿ ಸಿಕ್ಕ ಒಂದು ಮರವನ್ನು 2000ದಲ್ಲಿ ವಿಜ್ಞಾನ ಹೊಸ ಜಾತಿ ಎಂದು ದಾಖಲಿಸಿತು. ಕರಿಗೇರಿನ ಬಳಗದ ಆ ಮರಕ್ಕೆ ಕಾನಿನ ಹೆಸರನ್ನೇ ಇಟ್ಟರು: ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್. ಹೊಸ ಮರ ಹುಟ್ಟಿಸಿಕೊಟ್ಟ ಚರಂಡಿ ಎಲ್ಲಾದರೂ ಇದೆಯೇ?

ಕುಂಬಾರ ಕಪ್ಪೆಯ ಮಾತು ಹೇಳದಿದ್ದರೆ ನನಗೆ ಸಮಾಧಾನವಿಲ್ಲ. 2014ರಲ್ಲಿ ಹೊಸ ಜಾತಿ ಎಂದು ಹೆಸರು ಪಡೆದ, ಒಂದೂವರೆ ಅಂಗುಲದಷ್ಟಿನ ನಮ್ಮ ಸೀಮೆಯ ಕಪ್ಪೆ ಇದು. ಒಂದು ಮಳೆಗಾಲದ ರಾತ್ರಿ ಕಂಬಳಿಕೊಪ್ಪೆ ಹೊದ್ದು, ಬ್ಯಾಟರಿ ಹಿಡಿದು ಎರಡು ತಾಸು ಕುಕ್ಕರುಗಾಲಿನಲ್ಲಿ ಕೂತು ನೋಡಿದ್ದೇನೆ. ನೀರಿನ ಮೇಲೆ ಚಾಚಿದ ಕಡ್ಡಿಯ ಮೇಲೆ ಮೊಟ್ಟೆ. ಹೆಣ್ಣು ಹೋಗಿಯಾಗಿತ್ತು. ಗಂಡು ಹಿಂಗಾಲ ಮೇಲೆ ನಿಂತು, ಹಳ್ಳದ ತಳದ ಕೆಸರನ್ನು ಮುಂಗೈಯಲ್ಲಿ ಬಾಚಿ ಬಾಚಿ ಮೊಟ್ಟೆಗೆ ಮೆತ್ತುತ್ತಿತ್ತು. ಮೆತ್ತುವುದು, ನಿಲ್ಲುವುದು, ಮತ್ತೆ ಬಗ್ಗಿ ಒಂದು ಹಿಡಿ. ಆಯಿ ಒಲೆಗೆ ಮಣ್ಣು ಮೆತ್ತುತ್ತಿದ್ದದ್ದೂ ಹೀಗೇ, ಅಂಗೈ ಹಿಂಬದಿಯಿಂದ ಸವರಿ ಸವರಿ. ಮೊಟ್ಟೆ ಒಣಗದಿರಲಿ, ತಿನ್ನುವವರ ಕಣ್ಣಿಗೆ ಬೀಳದಿರಲಿ ಎಂದು ಈ ಪಾಡು ಇರಬೇಕು. ಅದಕ್ಕೆ ಬೇಕಾದದ್ದು ನಿಧಾನ ಹರಿಯುವ ನೀರು, ಬಾಗಿದ ಕಡ್ಡಿ, ಒಂದಷ್ಟು ಕೆಸರು. ಕಾಗದದಲ್ಲಿ ‘ಹೂಳು’ ಎಂದು ಬರೆದು ಲೋಡುಗಟ್ಟಲೆ ಸಾಗಿಸಿದ್ದು ಆ ಕೆಸರನ್ನೇ.

“ಎಂತ ಮಾಡಲಾಗ್ತು ತಮಾ, ವರ್ಷಾ ತೋಟ ಕೊಚ್ಚಿ ಹೋಗ್ತು” ಅಂದರು ಪಕ್ಕದ ಮನೆ ಭಾವ. ಅವರ ಮೇಲೆ ಸಿಟ್ಟಿಲ್ಲ. ಕಳೆದ ಜುಲೈಯಲ್ಲಿ ಅವರ ಹದಿನೈದು ಅಡಿಕೆಮರ ಹೋದದ್ದು ನಾನೂ ಕಂಡಿದ್ದೇನೆ. ಆದರೆ ತೋಟ ಕೊಚ್ಚಿದ್ದು ಹಳ್ಳ ಸೊಟ್ಟಗಿದೆ ಎಂದಲ್ಲ. ಮೇಲಿನ ಬೆಟ್ಟದಲ್ಲಿ ಮರ ಕಡಿದು ರಸ್ತೆ ಮಾಡಿದ ಮೇಲೆ ಮಳೆನೀರು ಇಂಗಲು ಜಾಗ ಇಲ್ಲದೆ ಒಮ್ಮೆಲೇ ಬರುತ್ತಿದೆ. ನೀರಿನ ಓಟ ತಡೆಯುತ್ತಿದ್ದದ್ದೇ ತಿರುವು, ಕಲ್ಲು, ಕೇದಿಗೆ ಬೇರು. ಅವನ್ನೂ ಕಿತ್ತರೆ ಇನ್ನಷ್ಟು ಜೋರಾಗಿ ಹೋಗಿ ಕೆಳಗಿನವರ ತೋಟ ಕೀಳುತ್ತದೆ. ಏಪ್ರಿಲ್‌ನಲ್ಲಿ ಬಾವಿ ಬತ್ತಿದರೆ ಟ್ಯಾಂಕರ್ ಕರೆಸುತ್ತೀರಾ ಭಾವ? ತಿರುವಿನ ಗುಂಡಿಯಲ್ಲಿ ನಿಂತ ನೀರೇ ಅಲ್ಲವೇ ಪಕ್ಕದ ಬಾವಿಗೆ ಒಸರುತ್ತಿದ್ದದ್ದು?

ಅಜ್ಜನ ಕಾಲದಲ್ಲಿ ಮಳೆಗಾಲ ಮುಗಿದ ಮೇಲೆ ಊರವರೆಲ್ಲ ಸೇರಿ ಕಲ್ಲು, ಮಣ್ಣು, ಸೊಪ್ಪು ಹಾಕಿ ಹಳ್ಳಕ್ಕೆ ಒಡ್ಡು ಕಟ್ಟುತ್ತಿದ್ದರು. ಯಾರ ತೋಟಕ್ಕೆ ಯಾವ ದಿನ ನೀರು ಎಂಬುದಕ್ಕೆ ಬಾಯಿಲೆಕ್ಕ. ಮೊದಲ ಮಳೆಗೆ ಒಡ್ಡು ತಾನೇ ಕೊಚ್ಚಿ ಹೋಗುತ್ತಿತ್ತು, ಹಳ್ಳ ಮತ್ತೆ ತನ್ನ ಪಾಡಿಗೆ. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಕಾಳುಮೆಣಸಿನ ರಾಣಿ ಎಂದು ಕರೆದದ್ದು ಶಾಲೆಯಲ್ಲೇ ಓದಿದ್ದೇವೆ. ಆ ಘಟ್ಟದ ಮೆಣಸಿನ ಬಳ್ಳಿ ತಂಪು ಹುಡುಕಿ ಇಂಥ ಹಳ್ಳಗಳ ಅಂಚಿನಲ್ಲೂ ಹಬ್ಬಿತ್ತು.

ನಾನೂ ಈ ಹಳ್ಳಕ್ಕೆ ತಪ್ಪು ಮಾಡಿದವನು. ಕಾಲೇಜಿನಲ್ಲಿದ್ದಾಗ ಅಡಿಕೆಗೆ ಕೊಳೆರೋಗದ ಔಷಧ ಹೊಡೆದು ಮುಗಿದ ಮೇಲೆ ಮೈಲುತುತ್ತದ ಡ್ರಮ್ಮನ್ನು ಗುಂಡಿಯಲ್ಲೇ ತೊಳೆದೆ. ಮರುದಿನ ಸಣ್ಣ ಮೀನುಗಳು ಬಿಳಿ ಹೊಟ್ಟೆ ಮೇಲೆ ಮಾಡಿ ದಡಕ್ಕೆ ಬಂದಿದ್ದವು. ಅಪ್ಪಯ್ಯ ನೋಡಿದರು, ಒಂದು ಮಾತೂ ಆಡಲಿಲ್ಲ. ಎರಡು ದಿನ ನನಗೆ ಊಟ ಸೇರಲಿಲ್ಲ. ಆಗ ನಾನೂ ಹಳ್ಳವನ್ನು ಚರಂಡಿ ಅಂದುಕೊಂಡಿದ್ದೆ, ಅಷ್ಟೇ.

ಈ ನೀರು ಸೇರುವುದು ಅಘನಾಶಿನಿಗೆ. ಉಂಚಳ್ಳಿಯಲ್ಲಿ 116 ಮೀಟರ್ ಧುಮುಕಿ, ಒಂದೂ ದೊಡ್ಡ ಅಣೆಕಟ್ಟಿಲ್ಲದೆ ಸಮುದ್ರ ಮುಟ್ಟುವ ಹೊಳೆ. ಕೆಳಗೆ ಕುಮಟಾ ಕಡೆ ಅಳಿವೆಯಲ್ಲಿ ಬಳಚು ಎಂಬ ಚಿಪ್ಪಿಮೀನು ಹೆಕ್ಕುವ ಹೆಂಗಸರು, ಗಜನಿ ಎಂಬ ಉಪ್ಪುನೀರಿನ ಗದ್ದೆಯಲ್ಲಿ ಕಗ್ಗ ಭತ್ತ ಬೆಳೆಯುವವರು ಈ ಸಿಹಿನೀರು, ಉಪ್ಪುನೀರಿನ ಹದದ ಮೇಲೆ ಬದುಕಿದ್ದಾರೆ. 2024ರಲ್ಲಿ ಆ ಅಳಿವೆ ಜಗತ್ತಿನ ಮುಖ್ಯ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದಾಗ ನಾವೆಲ್ಲ ಇಲ್ಲೇ ಹಂಚಿಕೊಂಡು ಸಂಭ್ರಮಿಸಿದ್ದೆವು. ಅಳಿವೆಗೆ ಹೋಗುವ ನೀರು ಹುಟ್ಟುವುದೆಲ್ಲಿ ಎಂದು ಯಾರೂ ಮೇಲೆ ತಿರುಗಿ ನೋಡಲಿಲ್ಲ. ನಾನೂ ನೋಡಲಿಲ್ಲ.

ಸಂಕದ ಮೇಲ್ಬದಿ ಜಡ್ಡಿಯವರೆಗಿನ ಹಳ್ಳ ಇನ್ನೂ ಉಳಿದಿದೆ. ಅಲ್ಲಿ ಕೇದಿಗೆ ಇದೆ, ಕಲ್ಲುಬಂಡೆ ಇದೆ, ನೀರು ಈಗಲೂ ಸೊಟ್ಟಗೇ ಹರಿಯುತ್ತಿದೆ. ಜೆಸಿಬಿ ಸೋಮವಾರ ಅಲ್ಲಿಗೆ ಹೋಗುತ್ತದಂತೆ. ಕಾಗದದ ಮೇಲಿನ ಆ ಶಬ್ದ ತಿದ್ದಿ ಎಂದು ಅರ್ಜಿ ಬರೆದಿಟ್ಟಿದ್ದೇನೆ, ಭಾವನೂ ಸಹಿ ಹಾಕಿದ್ದಾರೆ. ಊರಲ್ಲಿ ಇರುವವರು ಬನ್ನಿ. ಬೆಳಿಗ್ಗೆ ಏಳೂವರೆಗೆ ನಾನು ಸಂಕದ ಹತ್ತಿರ ಇರುತ್ತೇನೆ.